ಪ್ರೈವೇಟ್ ಸ್ಕೂಲ್ ಏಡ್ ಅರ್ಜಿಯಲ್ಲಿ ಬೆಂಗಳೂರಿನ ಫ್ಲ್ಯಾಟ್, ಎನ್‌ಆರ್‌ಇ ಎಫ್‌ಡಿ ಎಲ್ಲಾ ತೋರಿಸಬೇಕಾ?

ಎಡಿಸನ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮಗಳನ್ನ 6ನೇ ಗ್ರೇಡ್‌ಗೆ ನ್ಯೂಜೆರ್ಸಿಯ ಎರಡು ಪ್ರೈವೇಟ್ ಡೇ ಸ್ಕೂಲ್‌ಗೆ ಸೇರಿಸೋ ಯೋಚನೆ. ಪೂರ್ತಿ ಫೀಸು ಕಟ್ಟೋಕೆ ಆಗಲ್ಲ, ಹಾಗಾಗಿ ಏಡ್ (ಫೀಸಿಗೆ ನೆರವು) ಕೇಳ್ತಿದ್ದೀವಿ. ಎರಡೂ ಕಡೆ ಎಸ್‌ಎಸ್‌ಎಸ್ (ಕುಟುಂಬದ ಹಣಕಾಸು ಲೆಕ್ಕ ಹಾಕಿ ಶಾಲೆಗೆ ಕೊಡೋ ಸೇವೆ) ವೆಬ್‌ಸೈಟಲ್ಲಿ ಪಿಎಫ್‌ಎಸ್ (ಪೋಷಕರ ಆದಾಯ, ಆಸ್ತಿ ವಿವರದ ಫಾರ್ಮ್) ತುಂಬಿ ಅಂದಿದ್ದಾರೆ.

ನಾನು ಎಚ್-1ಬಿ (ಕೆಲಸದ ವೀಸಾ), ಹೆಂಡತಿ ಎಚ್-4 (ಅವಲಂಬಿತರ ವೀಸಾ), ಇಎಡಿ (ಕೆಲಸದ ಪರವಾನಗಿ) ಇಲ್ಲ. ಬೆಂಗಳೂರಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದೆ, ಲೋನ್ ಇನ್ನೂ ನಡೀತಿದೆ. ಎನ್‌ಆರ್‌ಇ ಎಫ್‌ಡಿ (ಹೊರದೇಶದಲ್ಲಿರೋರು ಇಂಡಿಯಾದ ಬ್ಯಾಂಕಲ್ಲಿ ಇಡೋ ಠೇವಣಿ) ಸ್ವಲ್ಪ ಇದೆ. ಊರಲ್ಲಿ ಜಮೀನು ಅಪ್ಪನ ಹೆಸರಲ್ಲಿದೆ, ಪಾಲಾಗಿಲ್ಲ. ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಹೋಗುತ್ತೆ.

ಇದರಲ್ಲಿ ಯಾವುದು ತೋರಿಸಬೇಕು, ಯಾವುದು ಬೇಡ? ವೀಸಾ ಮೇಲಿರೋರು ಏಡ್ ತಗೊಂಡ್ರೆ ಗ್ರೀನ್ ಕಾರ್ಡ್‌ಗೆ ತೊಂದರೆ ಆಗುತ್ತಾ? ಏಡ್ ಕೇಳಿದ್ರೆ ಸೀಟೇ ಸಿಗಲ್ಲ ಅಂತಲೂ ಕೇಳಿದೀನಿ.

ಫಾರ್ಮ್_1040

ವೀಸಾ ವಿಷಯ ಮೊದಲು ಮುಗಿಸೋಣ. ಇದು ಸರ್ಕಾರದ ದುಡ್ಡಲ್ಲ, ಶಾಲೆ ತನ್ನ ಬಜೆಟ್‌ನಲ್ಲಿ ಬಿಟ್ಟುಕೊಡೋ ಫೀಸು. ಪಬ್ಲಿಕ್ ಚಾರ್ಜ್ (ಸರ್ಕಾರಕ್ಕೆ ಹೊರೆಯಾಗ್ತಾರಾ ಅಂತ ಗ್ರೀನ್ ಕಾರ್ಡ್ ಕೊಡುವಾಗ ನೋಡೋದು) ಅನ್ನೋದು ಸರ್ಕಾರಿ ನೆರವಿನ ಪ್ರಶ್ನೆ, ಖಾಸಗಿ ಶಾಲೆ ಕೊಡೋ ಗ್ರಾಂಟ್ ಅದರೊಳಗೆ ಬರಲ್ಲ. ಎಚ್-4 ಮೇಲಿರೋ ಮಗುವಿಗೆ ಓದೋಕೆ ಐ-20 (ವಿದ್ಯಾರ್ಥಿ ವೀಸಾಗೆ ಶಾಲೆ ಕೊಡೋ ಫಾರ್ಮ್) ಕೂಡ ಬೇಡ. ಆದರೆ ಸಿಟಿಜನ್ ಮತ್ತು ಗ್ರೀನ್ ಕಾರ್ಡ್ ಇದ್ದೋರಿಗೆ ಮಾತ್ರ ಏಡ್ ಅಂತ ಸ್ವಂತ ನಿಯಮ ಇಟ್ಟುಕೊಂಡ ಶಾಲೆಗಳಿವೆ. ಪಿಎಫ್‌ಎಸ್ ಶುಲ್ಕ ಕಟ್ಟೋ ಮುಂಚೆ ಎರಡೂ ಏಡ್ ಆಫೀಸಿಗೆ ಒಂದೊಂದು ಇಮೇಲ್ ಹಾಕಿ ಕೇಳ್ಕೊಳ್ಳಿ. ಶುಲ್ಕ ಒಮ್ಮೆ ಕಟ್ಟಿದರೆ ಅದೇ ಪಿಎಫ್‌ಎಸ್ ಎರಡೂ ಶಾಲೆಗೆ ಹೋಗುತ್ತೆ.

ಎಸ್‌ಎಸ್‌ಎಸ್ ಏಡ್ ಕೊಡಲ್ಲ, ಅಂದಾಜು ಕೊಡುತ್ತೆ ಅಷ್ಟೆ. ನಿಮ್ಮ ಆದಾಯದಲ್ಲಿ ತೆರಿಗೆ, ಮೆಡಿಕಲ್, ಸಂಸಾರದ ಖರ್ಚಿಗೆ ಇಷ್ಟು ಅಂತ ಕಳೆದು, ಆಸ್ತಿಯಿಂದ ಒಂದು ಪಾಲು ಸೇರಿಸಿ, ಬಂದದ್ದನ್ನ ಫೀಸು ಇರೋ ಶಾಲೆಗೆ ಹೋಗೋ ಮಕ್ಕಳ ಸಂಖ್ಯೆಯಿಂದ ಭಾಗಿಸುತ್ತೆ. ಅದನ್ನ ಶಾಲೆ ಹೆಚ್ಚು ಕಮ್ಮಿ ಮಾಡಬಹುದು, ಮಾಡ್ತಾರೆ ಕೂಡ. ಕಾಲೇಜಿನ ಫಾಫ್ಸಾ (ಸರ್ಕಾರಿ ನೆರವಿನ ಅರ್ಜಿ) ಬಗ್ಗೆ ಸ್ನೇಹಿತರು ಹೇಳಿದ್ದನ್ನ ಇಲ್ಲಿಗೆ ತರಬೇಡಿ. ಅಲ್ಲಿ ವಾಸದ ಮನೆ ಲೆಕ್ಕಕ್ಕಿಲ್ಲ, ಇಲ್ಲಿ ಅದರ ಈಕ್ವಿಟಿ (ಬೆಲೆಯಲ್ಲಿ ಸಾಲ ಕಳೆದು ಉಳಿದದ್ದು) ಲೆಕ್ಕಕ್ಕಿದೆ.

ನಮ್ಮೋರು ಸಾಮಾನ್ಯವಾಗಿ ಎಡವೋದು ಡಬ್ಲ್ಯು-2ನಲ್ಲಿ (ಕಂಪನಿ ಕೊಡೋ ವರ್ಷದ ಸಂಬಳದ ಪತ್ರ). ಬಾಕ್ಸ್ 1ರ ಮೊತ್ತ ನೋಡಿ ‘ನನ್ನ ಆದಾಯ ಇಷ್ಟೇ’ ಅಂದ್ಕೋತಾರೆ. ಬಾಕ್ಸ್ 12ರಲ್ಲಿ ಡಿ ಅಂತ ಕೋಡ್ ಇರೋದು 401(ಕೆ) ನಿವೃತ್ತಿ ಖಾತೆಗೆ ನೀವು ಹಾಕಿದ ದುಡ್ಡು, ಡಬ್ಲ್ಯು ಅಂತ ಇರೋದು ಎಚ್‌ಎಸ್‌ಎ (ವೈದ್ಯಕೀಯ ಖರ್ಚಿನ ಉಳಿತಾಯ ಖಾತೆ). ಶಾಲೆಯವರು ಇವನ್ನ ಆದಾಯಕ್ಕೆ ವಾಪಸ್ ಸೇರಿಸಿ ನೋಡ್ತಾರೆ, ಯಾಕಂದ್ರೆ ಅದು ನೀವೇ ಆರಿಸಿ ಉಳಿಸಿದ್ದು. ಹಾಗಾಗಿ ಏಡ್ ಜಾಸ್ತಿ ಸಿಗಲಿ ಅಂತ ಈ ವರ್ಷ 401(ಕೆ) ಏರಿಸೋ ಐಡಿಯಾ ನಡೆಯಲ್ಲ.

1040ನ (ಅಮೆರಿಕದ ಆದಾಯ ತೆರಿಗೆ ರಿಟರ್ನ್) ಎಲ್ಲಾ ಪುಟ, ಎಲ್ಲಾ ಶೆಡ್ಯೂಲ್ (ಅದರ ಜೊತೆಗಿನ ಪಟ್ಟಿಗಳು) ಅಪ್‌ಲೋಡ್ ಮಾಡಿ. ಬರೀ ಮೊದಲ ಎರಡು ಪುಟ ಹಾಕಿದ್ರೆ ಫೈಲು ಅಪೂರ್ಣ ಅಂತ ಪಕ್ಕಕ್ಕೆ ಹೋಗುತ್ತೆ. 4506-ಸಿ (ನಿಮ್ಮ ರಿಟರ್ನಿನ ವಿವರ ಸರ್ಕಾರದಿಂದ ತರಿಸೋಕೆ ಒಪ್ಪಿಗೆ ಕೊಡೋ ಫಾರ್ಮ್) ಕೇಳಿದ್ರೆ ವಿಳಾಸ ನೋಡಿ ಬರೀರಿ: ರಿಟರ್ನ್ ಹಾಕಿದ ಮೇಲೆ ಮನೆ ಬದಲಾಯಿಸಿದ್ದರೆ ಹಳೇ ವಿಳಾಸಕ್ಕೆ ಬೇರೆ ಸಾಲಿದೆ. ಅದು ತಾಳೆ ಆಗದಿದ್ದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ತಿರಸ್ಕರಿಸುತ್ತೆ, ನಿಮಗೆ ಗೊತ್ತಾಗೋ ಹೊತ್ತಿಗೆ ಶಾಲೆಯ ಗಡುವು ಮುಗಿದಿರುತ್ತೆ.

ಪಹಣಿ_ಖಾತಾ

ಇಂಡಿಯಾದ ಭಾಗಕ್ಕೆ ಬರ್ತೀನಿ. ಚಿಕ್ಕ ಉತ್ತರ: ನಿಮ್ಮ ಹೆಸರಲ್ಲಿರೋದೆಲ್ಲ ತೋರಿಸಿ, ಅಪ್ಪನ ಹೆಸರಲ್ಲಿರೋದು ತೋರಿಸಬೇಡಿ.

ಕಾರಣ ನೀತಿ ಮಾತ್ರ ಅಲ್ಲ. ಕಾಗದಗಳು ಒಂದನ್ನೊಂದು ಹಿಡಿದುಕೊಡುತ್ತವೆ. ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಇಂಡಿಯಾದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಅದು ಶೆಡ್ಯೂಲ್ ಬಿಯಲ್ಲಿ ಬರಬೇಕು, ಆ ಶೆಡ್ಯೂಲಿನ ಕೊನೇ ಭಾಗದಲ್ಲೇ ‘ವಿದೇಶದಲ್ಲಿ ಖಾತೆ ಇದೆಯಾ, ಯಾವ ದೇಶ’ ಅನ್ನೋ ಪ್ರಶ್ನೆ ಇದೆ. ಅಲ್ಲಿ ಇಂಡಿಯಾ ಅಂತ ಬರೆದು ಪಿಎಫ್‌ಎಸ್‌ನಲ್ಲಿ ಉಳಿತಾಯ ಸೊನ್ನೆ ಹಾಕಿದ್ರೆ ಏಡ್ ಆಫೀಸರ್ ಕಣ್ಣಿಗೆ ಬೀಳದೆ ಇರಲ್ಲ. ತಿರುಗಾಮುರುಗ ಇನ್ನೂ ಕೆಟ್ಟದ್ದು: ಪಿಎಫ್‌ಎಸ್‌ನಲ್ಲಿ ಎಫ್‌ಡಿ ಇದೆ, 1040ರಲ್ಲಿ ಬಡ್ಡಿನೇ ಇಲ್ಲ. ಹಾಗಿದ್ದರೆ ಏಡ್ ಬದಿಗಿಡಿ, ಮೊದಲು ಸಿಪಿಎ (ತೆರಿಗೆ ಲೆಕ್ಕಿಗರು) ಹತ್ರ ಹೋಗಿ ರಿಟರ್ನ್ ತಿದ್ದಿಸಿ. ಎಲ್ಲಾ ಖಾತೆ ಸೇರಿ ವರ್ಷದಲ್ಲಿ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ (ವಿದೇಶದ ಖಾತೆಗಳ ವರದಿ) ಕೂಡ ಕಡ್ಡಾಯ.

ಫ್ಲ್ಯಾಟಿಗೆ ಈಗಿನ ಮಾರುಕಟ್ಟೆ ಬೆಲೆ ಹಾಕಿ, ಕೊಂಡ ಬೆಲೆಯಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವೂ ಅಲ್ಲ. ಅದೇ ಅಪಾರ್ಟ್‌ಮೆಂಟಲ್ಲಿ ಇತ್ತೀಚೆಗೆ ಮಾರಿದ ಮನೆ ಎಷ್ಟಕ್ಕೆ ಹೋಯ್ತು ವಿಚಾರಿಸಿ. ಲೋನ್ ಬಾಕಿಯನ್ನ ಅದರದೇ ಜಾಗದಲ್ಲಿ ತೋರಿಸಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಕೊಳ್ಳಿ. ಬಾಡಿಗೆ ಶೆಡ್ಯೂಲ್ ಇಯಲ್ಲಿ ಬರುತ್ತೆ. ಅಮೆರಿಕದ ಲೆಕ್ಕದಲ್ಲಿ ವಿದೇಶದ ವಾಸದ ಮನೆಗೆ 30 ವರ್ಷದ ಸವಕಳಿ, ಅಂದ್ರೆ ಮನೆ ಹಳೆಯದಾಗುತ್ತೆ ಅಂತ ವರ್ಷ ವರ್ಷ ಕಳೆಯೋ ಮೊತ್ತ (2018ಕ್ಕಿಂತ ಮುಂಚೆ ಬಾಡಿಗೆಗೆ ಬಿಟ್ಟಿದ್ದರೆ 40), ಹಾಗಾಗಿ ಕಾಗದದ ಮೇಲೆ ನಷ್ಟ ಕಾಣಬಹುದು. ಶಾಲೆಗಳು ಆ ಸವಕಳಿಯನ್ನ ತೆಗೆದು ನೋಡ್ತಾರೆ, ಕೈಗೆ ಬಂದ ಬಾಡಿಗೆ ಅವರಿಗೆ ಬೇಕು.

ಎಲ್ಲಾ ಸಂಖ್ಯೆಗೂ ಡಿಸೆಂಬರ್ 31ರ ಒಂದೇ ವಿನಿಮಯ ದರ ಬಳಸಿ, ಯಾವ ದರ ಅಂತ ಟಿಪ್ಪಣಿಯಲ್ಲಿ ಹಾಕಿ. ರೂಪಾಯಿ ಮೊತ್ತವನ್ನೇ ಡಾಲರ್ ಬಾಕ್ಸಿಗೆ ಟೈಪ್ ಮಾಡೋದು ಕಾಣೋಕೆ ಸಿಲ್ಲಿ ತಪ್ಪು, ಆದರೆ 85,00,000 ಅಂತ ಹೊಡೆದ್ರೆ ನೀವು ಎಂಬತ್ತೈದು ಲಕ್ಷ ಡಾಲರಿನ ಒಡೆಯರು. ಕಳಿಸೋ ಮುಂಚೆ ಸಾರಾಂಶದ ಪುಟ ಒಮ್ಮೆ ಓದಿ.

ಜಮೀನು: ಪಹಣಿಯಲ್ಲಿ ಅಪ್ಪನ ಹೆಸರಿದೆ, ಪಾಲಾಗಿಲ್ಲ ಅಂದ್ರೆ ನಿಮ್ಮ ಕೈಗೆ ಏನೂ ಬಂದಿಲ್ಲ. ಅದರಿಂದ ನಿಮಗೆ ಆದಾಯ ಬರ್ತಿದ್ದರೆ ಮಾತು ಬೇರೆ.

ಮಾರ್ಚ್_ಹತ್ತು

ಮೇಲಿನವರು ಸಂಖ್ಯೆಗಳ ಬಗ್ಗೆ ಹೇಳಿದ್ದು ಸರಿ. ಆದರೆ ನಿಮ್ಮ ಕೇಸಿನಲ್ಲಿ ತೂಕ ಇರೋದು ಜೊತೆಗೆ ಕಳಿಸೋ ಪತ್ರಕ್ಕೆ. ಒಂದು ಪುಟ ಸಾಕು.

ಹೆಂಡತಿ ಕೆಲಸ ಮಾಡ್ತಿಲ್ಲ ಅಂದ್ರೆ, ಮನೇಲಿ ಪುಟ್ಟ ಮಗು ಇಲ್ಲದಿದ್ದಾಗ, ಹಲವು ಶಾಲೆಗಳು ‘ಇವರು ದುಡಿಯಬಹುದಿತ್ತು’ ಅಂತ ಇಷ್ಟು ಆದಾಯ ಊಹಿಸಿ ಸೇರಿಸ್ತಾರೆ. ಅವರಿಗೆ ಎಚ್-4 ಅಂದ್ರೆ ಏನು ಅಂತ ಗೊತ್ತಿರಬೇಕು ಅಂತಿಲ್ಲ. ‘ಎಚ್-4, ಇಎಡಿ ಇಲ್ಲ, ಕಾನೂನು ಪ್ರಕಾರ ಕೆಲಸ ಮಾಡೋ ಹಾಗಿಲ್ಲ’ ಅಂತ ನೇರವಾಗಿ ಬರೆದು ಐ-797 (ವೀಸಾ ಸ್ಥಿತಿಯ ಮಂಜೂರಾತಿ ಪತ್ರ) ಪ್ರತಿ ಲಗತ್ತಿಸಿ. ಒಂದು ಎಚ್ಚರಿಕೆ: ನಿಮ್ಮ ಐ-140 (ಕಂಪನಿ ಹಾಕೋ ಗ್ರೀನ್ ಕಾರ್ಡ್ ಅರ್ಜಿ) ಅಪ್ರೂವ್ ಆಗಿದ್ದರೆ ಹೆಂಡತಿ ಇಎಡಿಗೆ ಅರ್ಜಿ ಹಾಕಬಹುದು. ಆಗ ‘ಆಗೋದೇ ಇಲ್ಲ’ ಅಂತ ಬರೀಬೇಡಿ, ಇರೋ ಸ್ಥಿತಿ ಬರೀರಿ.

ಅಪ್ಪ ಅಮ್ಮನಿಗೆ ಕಳಿಸೋ ದುಡ್ಡು ತಾನಾಗಿ ಕಳೆಯಲ್ಲ. ಪಿಎಫ್‌ಎಸ್‌ನ ಇತರ ಖರ್ಚಿನಲ್ಲಿ ಹಾಕಿ, 12 ತಿಂಗಳ ರೆಮಿಟೆನ್ಸ್ ಪಟ್ಟಿ ಕೊಡಿ, ಔಷಧಿಗೋ ಆಸ್ಪತ್ರೆಗೋ ಮನೆಖರ್ಚಿಗೋ ಅಂತ ಒಂದು ಸಾಲು ಬರೀರಿ. ಅದೇ ದುಡ್ಡಲ್ಲಿ ಫ್ಲ್ಯಾಟಿನ ಇಎಂಐ ಹೋಗ್ತಿದ್ದರೆ ಅದನ್ನ ಬೇರ್ಪಡಿಸಿ. ಎರಡನ್ನೂ ಒಂದೇ ಗಂಟು ಮಾಡಿ ‘ಪೋಷಕರ ನೆರವು’ ಅಂದ್ರೆ ಪೂರ್ತಿ ತಳ್ಳಿಹಾಕ್ತಾರೆ. ನಿಜವಾದ ನೆರವನ್ನೂ ಒಪ್ಪಲೇಬೇಕು ಅಂತಿಲ್ಲ, ಅದು ಶಾಲೆಯ ವಿವೇಚನೆ.

ಸೀಟಿನ ಪ್ರಶ್ನೆ: ಏಡ್ ಕೇಳಿದ್ದನ್ನ ಪ್ರವೇಶ ತೀರ್ಮಾನದಲ್ಲಿ ನೋಡದ ಶಾಲೆಗಳು ಬೆರಳೆಣಿಕೆ. ಹಾಸ್ಟೆಲ್ ಇರೋ ಬೋರ್ಡಿಂಗ್ ಶಾಲೆಗಳಲ್ಲಿ ಆ್ಯಂಡೋವರ್, 2021ರಲ್ಲಿ ಘೋಷಿಸಿದ ಎಕ್ಸಿಟರ್ ಆ ಸಾಲಿನವು. ಉಳಿದ ಬಹುಪಾಲು ಕಡೆ ಏಡ್ ಬಜೆಟ್ ಮುಗಿದ ಮೇಲೆ ‘ಪ್ರವೇಶ ಉಂಟು, ಏಡ್ ಇಲ್ಲ’ ಅಥವಾ ವೇಟ್‌ಲಿಸ್ಟ್. ಹಾಗಂತ ಮೊದಲ ವರ್ಷ ಸುಮ್ಮನಿದ್ದು ಆಮೇಲೆ ಕೇಳೋಣ ಅನ್ನೋ ಜಾಣತನ ಬೇಡ. ಏಡ್ ಇಲ್ಲದೆ ಸೇರಿದವರು ಇಷ್ಟು ವರ್ಷ ಕೇಳುವಂತಿಲ್ಲ ಅನ್ನೋ ನಿಯಮ ಕೆಲವು ಕಡೆ ಇದೆ.

ಎಡಿಸನ್_ಕನ್ನಡಿಗ

ತುಂಬಾ ಥ್ಯಾಂಕ್ಸ್. ಎರಡು ಉಪಪ್ರಶ್ನೆ. ಅಪ್ಪನ ಪೆನ್ಷನ್ ಎಸ್‌ಬಿ ಖಾತೆಯಲ್ಲಿ ನನ್ನ ಹೆಸರೂ ಜಂಟಿಯಾಗಿದೆ, ಅದು? ಮತ್ತೆ ಕೊಟ್ಟದ್ದು ಸಾಲದಿದ್ರೆ ಮತ್ತೆ ಕೇಳಬಹುದಾ?

ಪಹಣಿ_ಖಾತಾ

ಜಂಟಿ ಖಾತೆ ಎಫ್‌ಬಿಎಆರ್‌ನಲ್ಲಿ ಪೂರ್ತಿ ಮೊತ್ತಕ್ಕೇ ಬರುತ್ತೆ, ದುಡ್ಡು ಯಾರದಾದ್ರೂ ಸರಿ. ಪಿಎಫ್‌ಎಸ್‌ನಲ್ಲಿ ನಿಮ್ಮ ಉಳಿತಾಯ ಅಂತ ಸೇರಿಸಬೇಡಿ, ಟಿಪ್ಪಣಿಯಲ್ಲಿ ‘ತಂದೆಯ ಪೆನ್ಷನ್ ಖಾತೆ, ಅನುಕೂಲಕ್ಕೆ ನನ್ನ ಹೆಸರಿದೆ’ ಅಂತ ಹಾಕಿ. ಪಾಸ್‌ಬುಕ್ಕಿನಲ್ಲಿ ಪೆನ್ಷನ್ ಜಮಾ ಆಗಿರೋ ಪುಟ ಸಿದ್ಧ ಇರಲಿ.

ಮಾರ್ಚ್_ಹತ್ತು

ಕೇಳಬಹುದು, ಆದರೆ ‘ಸಾಲದು’ ಅನ್ನೋದು ಕಾರಣ ಅಲ್ಲ. ಅರ್ಜಿಯಲ್ಲಿ ಇಲ್ಲದ ಹೊಸ ಸಂಗತಿ ಬೇಕು: ಲೇಆಫ್, ಆಸ್ಪತ್ರೆ ಬಿಲ್, ಅಥವಾ ಇನ್ನೊಂದು ಶಾಲೆಯ ಏಡ್ ಪತ್ರ. ಕಾಗದದ ಜೊತೆ ‘ನಾವು ವರ್ಷಕ್ಕೆ ಇಷ್ಟು ಕಟ್ಟಬಲ್ಲೆವು’ ಅಂತ ಒಂದು ಮೊತ್ತ ಹೇಳಿ.

ಗಡುವು ಬಹಳ ಕಡೆ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ. ಉತ್ತರ ಮಾರ್ಚಿನಲ್ಲಿ, ಬೋರ್ಡಿಂಗ್‌ಗಳದು ಸಾಮಾನ್ಯವಾಗಿ ಮಾರ್ಚ್ 10ಕ್ಕೆ, ಒಪ್ಪಿಗೆಗೆ ಏಪ್ರಿಲ್ 10. ಶಾಲೆಯ ಪ್ರವೇಶ ಕಾಂಟ್ರ್ಯಾಕ್ಟಿಗೆ ಸಹಿ ಹಾಕೋ ಮುಂಚೆ ಏಡ್ ಪತ್ರ ಕೈಯಲ್ಲಿರಲಿ. ನಿಗದಿತ ದಿನ ದಾಟಿದ ಮೇಲೆ ಶಾಲೆ ಬಿಟ್ಟರೆ ಇಡೀ ವರ್ಷದ ಫೀಸು ನಿಮ್ಮ ತಲೆಗೆ ಬರೋ ಷರತ್ತು ಅದರಲ್ಲಿರುತ್ತೆ. ಬಸ್ಸು, ಊಟ, ಲ್ಯಾಪ್‌ಟಾಪ್, ಟ್ರಿಪ್‌ಗಳಿಗೂ ಏಡ್ ಅನ್ವಯಿಸುತ್ತಾ ಅಂತ ಏಡ್ ಆಫೀಸಿಗೆ ಹಾಕೋ ಇಮೇಲಲ್ಲೇ ಕೇಳಿಬಿಡಿ. ಮುಂದಿನ ವರ್ಷ ಮತ್ತೆ ಮೊದಲಿಂದ ಇಷ್ಟೂ ಕಾಗದ ಕೊಡಬೇಕು, ಈ ವರ್ಷದ ಫೋಲ್ಡರ್ ಅಳಿಸಬೇಡಿ.