ಜೇಮ್ಸ್ ಬಾಂಡ್ ಮುಂದೆ ಹೇಗಿರಬೇಕು ಅಂತ ನಿಮ್ಮ ಆಸೆ?

ಹಳೇರೀಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಅಪ್ಪನ ಪಕ್ಕ ಕೂತು ಬಾಂಡ್ ಸಿನಿಮಾ ನೋಡುತ್ತಾ ಬೆಳೆದವನು. ಅಪ್ಪನಿಗೆ ಶಾನ್ ಕಾನರಿ ಬಿಟ್ಟರೆ ಬೇರೆ ಬಾಂಡ್ ಇಲ್ಲ. ನನಗೆ ಡೇನಿಯಲ್ ಕ್ರೇಗ್. 2021ರಲ್ಲಿ 'ನೋ ಟೈಮ್ ಟು ಡೈ' ಕೊನೆಯಲ್ಲಿ ಬಾಂಡ್ ಸತ್ತಾಗ ಸೀಟಿನಿಂದ ಏಳಲು ಮನಸ್ಸೇ ಬರಲಿಲ್ಲ, ಹೆಸರುಗಳೆಲ್ಲಾ ಮುಗಿದು 'ಜೇಮ್ಸ್ ಬಾಂಡ್ ಮತ್ತೆ ಬರುತ್ತಾನೆ' ಅನ್ನುವ ಸಾಲು ಕಾಣುವ ತನಕ ಕೂತೇ ಇದ್ದೆ.

ಆಮೇಲೆ ತೆರೆಯ ಹಿಂದೆ ಎಷ್ಟೆಲ್ಲಾ ಬದಲಾಯಿತು ನೋಡಿ. 2022ರಲ್ಲಿ ಅಮೆಜಾನ್ ಸುಮಾರು 845 ಕೋಟಿ ಡಾಲರ್ ಕೊಟ್ಟು, ಬಾಂಡ್ ಸಿನಿಮಾಗಳ ಹಕ್ಕಿನಲ್ಲಿ ಪಾಲಿದ್ದ ಎಂಜಿಎಂ ಕಂಪನಿಯನ್ನು ಕೊಂಡಿತು. 2025ರ ಫೆಬ್ರವರಿಯಲ್ಲಿ ನಿರ್ಮಾಪಕರಾದ ಬಾರ್ಬರಾ ಬ್ರೊಕೊಲಿ ಮತ್ತು ಮೈಕಲ್ ವಿಲ್ಸನ್ ಇಬ್ಬರೂ ಹಿಂದೆ ಸರಿದರು, ಸಿನಿಮಾ ಹೇಗಿರಬೇಕು ಅನ್ನುವ ತೀರ್ಮಾನ ಅಮೆಜಾನ್ ಕೈಗೆ ಹೋಯಿತು. 1962ರ 'ಡಾಕ್ಟರ್ ನೋ' ಇಂದ ಹಿಡಿದು 25 ಸಿನಿಮಾಗಳನ್ನು ಒಂದೇ ಮನೆಯವರು ಕಾಪಾಡಿಕೊಂಡು ಬಂದಿದ್ದರು. ಅಪ್ಪ ಕಬ್ಬಿ ಬ್ರೊಕೊಲಿ ಪಾಲುದಾರರ ಜೊತೆ ಶುರು ಮಾಡಿದ್ದನ್ನು ಮಗಳು ಮತ್ತು ಮಲಮಗ ಮುಂದುವರಿಸಿದ್ದರು. ಆ ದಿನ ಸುದ್ದಿ ಓದಿ ನನಗೆ ನಿಜವಾಗಿ ಬೇಜಾರಾಯಿತು. ಊರಿನ ಹಳೇ ಹೋಟೆಲನ್ನು ಯಾರೋ ದೊಡ್ಡವರು ಕೊಂಡರೆ ದೋಸೆ ರುಚಿ ಹಾಗೇ ಇರುತ್ತಾ ಅಂತ ಅನ್ನಿಸುತ್ತದಲ್ವಾ, ಅಂಥ ಬೇಜಾರು.

ಆಮೇಲೆ ನಿರ್ದೇಶಕ ಡೆನಿ ವಿಲ್‌ನೆವ್, ಬರೆಯುವವರು ಸ್ಟೀವನ್ ನೈಟ್ ಅಂತ ಗೊತ್ತಾದಾಗ ಸ್ವಲ್ಪ ಧೈರ್ಯ ಬಂತು. ಹೊಸ ನಟ ಯಾರು ಅನ್ನುವ ಜಗಳ ಇಲ್ಲಿ ಬೇಡ, ಅದು ಎಲ್ಲಾ ಕಡೆ ನಡೆಯುತ್ತಲೇ ಇದೆ. ಸಿನಿಮಾ ಹೇಗಿರಬೇಕು, ಏನು ಉಳಿಯಬೇಕು, ಏನು ಹೋಗಬೇಕು? ಅದನ್ನು ಹೇಳಿ.

ಏಳುಪಲ್ಟಿ:

ಒಳ್ಳೇ ಪ್ರಶ್ನೆ ಗುರು. ನನ್ನ ಆಸೆ ಒಂದೇ, ಸಾಹಸ ನಿಜವಾಗಿರಲಿ.

1977ರ 'ದ ಸ್ಪೈ ಹೂ ಲವ್ಡ್ ಮಿ' ಶುರುವಿನಲ್ಲಿ ಹಿಮದ ಮೇಲೆ ಜಾರಿಕೊಂಡು ಬಂದವನು ಬೆಟ್ಟದ ಅಂಚಿನಿಂದ ಹಾರುತ್ತಾನಲ್ಲ, ಸಂಗೀತ ನಿಂತು ಹೋಗುತ್ತದೆ, ಕೆಳಗೆ ಬೀಳುತ್ತಲೇ ಇರುತ್ತಾನೆ, ಆಮೇಲೆ ಬ್ರಿಟನ್ ಬಾವುಟದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಅದು ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ರಿಕ್ ಸಿಲ್ವೆಸ್ಟರ್ ಅನ್ನುವ ಸಾಹಸಿ ನಿಜವಾಗಿ ಹಾರಿದ್ದು. 'ಗೋಲ್ಡನ್ ಐ' ಶುರುವಿನಲ್ಲಿ ಅಣೆಕಟ್ಟಿನ ಮೇಲಿಂದ ಹಾರುವುದೂ ನಿಜವೇ, ಸ್ವಿಟ್ಜರ್ಲೆಂಡಿನ ವೆರ್ಝಾಸ್ಕಾ ಅಣೆಕಟ್ಟು, 220 ಮೀಟರ್ ಎತ್ತರ. 2006ರ 'ಕ್ಯಾಸಿನೋ ರೊಯಾಲ್'ನಲ್ಲಿ ಆಸ್ಟನ್ ಮಾರ್ಟಿನ್ ಏಳು ಸಲ ಪಲ್ಟಿ ಹೊಡೆದು ಗಿನ್ನೆಸ್ ದಾಖಲೆಗೆ ಸೇರಿತು. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ ಅದು ನನಗೆ ಎಷ್ಟು ಇಷ್ಟ ಅಂತ.

ಇದರ ಪಕ್ಕದಲ್ಲಿ 2002ರ 'ಡೈ ಅನದರ್ ಡೇ' ಇಟ್ಟು ನೋಡಿ. ಕಣ್ಣಿಗೆ ಕಾಣದ ಕಾರು, ಕಂಪ್ಯೂಟರಿನಲ್ಲಿ ಮಾಡಿದ ಅಲೆಯ ಮೇಲೆ ಬಾಂಡ್ ತೇಲುವುದು. ಯಾರಿಗೂ ಎದೆ ಢವಢವ ಅನ್ನಲಿಲ್ಲ. ಅಲ್ಲಿ ಒಬ್ಬ ಮನುಷ್ಯ ನಿಜವಾಗಿ ಅಪಾಯದಲ್ಲಿ ಇದ್ದಾನೆ ಅನ್ನುವುದು ನಮ್ಮ ಕಣ್ಣಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಅಮೆಜಾನ್ ಹತ್ತಿರ ದುಡ್ಡಿಗೆ ಕೊರತೆ ಇಲ್ಲ. ಆ ದುಡ್ಡನ್ನು ಸಾಹಸ ಕಲಾವಿದರಿಗೆ, ಅವರ ತಿಂಗಳುಗಟ್ಟಲೆ ಅಭ್ಯಾಸಕ್ಕೆ ಹಾಕಲಿ.

ಜೇಡರಬಲೆ_ಅಭಿಮಾನಿ:

ಏಳುಪಲ್ಟಿ ಅವರೇ, ಸಾಹಸದ ಮಾತು ಒಪ್ಪಿದೆ. ನನಗೆ ಭಯ ಇರುವುದು ಬೇರೆ ಕಡೆ. ಬಾಂಡ್‌ನನ್ನು ಒಡೆದು ಹತ್ತು ಸರಣಿ ಮಾಡಿಬಿಡುತ್ತಾರೋ ಅಂತ. ಆಫೀಸಿನ ಕಾರ್ಯದರ್ಶಿ ಮನಿಪೆನ್ನಿಗೊಂದು ಸರಣಿ, ಬಾಂಡ್‌ಗೆ ಉಪಕರಣ ಮಾಡಿಕೊಡುವ ಕ್ಯೂಗೊಂದು ಸರಣಿ, ಬಾಂಡ್‌ನ ಮೇಲಧಿಕಾರಿ ಎಂ ಚಿಕ್ಕ ವಯಸ್ಸಿನ ಕಥೆ ಒಂದು. 2023ರಲ್ಲಿ ಬಾಂಡ್‌ನ ಗುಪ್ತ ಸಂಖ್ಯೆ 007 ಹೆಸರಿಟ್ಟು ಪ್ರೈಮ್‌ನಲ್ಲಿ ಒಂದು ಸ್ಪರ್ಧೆಯ ಕಾರ್ಯಕ್ರಮ ಬಂದಿದ್ದೂ ಆಯಿತು. ಇವೆಲ್ಲಾ ಬೇಡ. ಡೆಸ್ಮಂಡ್ ಲೆವೆಲಿನ್ 17 ಸಿನಿಮಾಗಳಲ್ಲಿ ಕ್ಯೂ ಆಗಿದ್ದರು, ಹೆಚ್ಚಿನವುಗಳಲ್ಲಿ ಇದ್ದಿದ್ದು ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ನಾವು ಕಾಯುತ್ತಿದ್ದೆವು. ಎಂಟು ಕಂತು ಕೊಟ್ಟರೆ ಆ ಕಾಯುವ ಖುಷಿ ಎಲ್ಲಿ?

ನಮ್ಮಲ್ಲೂ ಒಂದು ಉದಾಹರಣೆ ಇದೆ. ರಾಜ್‌ಕುಮಾರ್ ಅವರ ಗೂಢಚಾರ ಪಾತ್ರ, ಸಿಐಡಿ 999. ದೊರೆ-ಭಗವಾನ್ 1968ರಲ್ಲಿ 'ಜೇಡರ ಬಲೆ' ಮಾಡಿದರು, ಅದೇ ವರ್ಷ ಗೋವಾದ ಕಥೆ ಬಂತು, 1969ರಲ್ಲಿ 'ಆಪರೇಷನ್ ಜಾಕ್‌ಪಾಟ್', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಒಟ್ಟು ನಾಲ್ಕೇ. ಒಂದನ್ನು ನೋಡಲು ಇನ್ನೊಂದನ್ನು ನೋಡಿರಬೇಕು ಅಂತ ಇಲ್ಲ. ನಮ್ಮಜ್ಜಿಗೂ ಅರ್ಥವಾಗುತ್ತಿತ್ತು, ನನಗೂ ಅರ್ಥವಾಗುತ್ತಿತ್ತು. ಬಾಂಡ್ ಕೂಡ ಹಾಗೇ ಇರಬೇಕು. ಒಂದು ಸಂಜೆ, ಒಂದು ಟಿಕೆಟ್, ಒಂದು ಪೂರ್ತಿ ಕಥೆ. 2015ರ 'ಸ್ಪೆಕ್ಟರ್' ಹಿಂದಿನ ಮೂರು ಸಿನಿಮಾಗಳ ಖಳರನ್ನೆಲ್ಲಾ ಬಾಂಡ್‌ನ ಹಳೇ ಶತ್ರು ಬ್ಲೋಫೆಲ್ಡ್ ಬಾಲಕ್ಕೆ ಕಟ್ಟಿಬಿಟ್ಟಿತು, ಮೇಲಿಂದ ಅವನನ್ನು ಬಾಂಡ್‌ನ ಸಾಕು ಅಣ್ಣ ಬೇರೆ ಮಾಡಿತು. ಅಲ್ಲಿಗೆ ಅಷ್ಟು ದೊಡ್ಡ ಜಗತ್ತು ಒಂದು ಮನೆಯ ಜಗಳದಷ್ಟು ಚಿಕ್ಕದಾಯಿತು.

ಮಳೆಹನಿ:

ಹಳೇರೀಲು, ನೀವು ಹೇಳಿದ ಸಾವಿನ ವಿಷಯಕ್ಕೆ ಬರುತ್ತೇನೆ. ಬಾಂಡ್ ಸತ್ತಿದ್ದಾನೆ, ಈಗ ಹೇಗೆ ವಾಪಸ್ ತರುತ್ತಾರೆ ಅಂತ ಗೆಳತಿಯರೆಲ್ಲಾ ಕೇಳುತ್ತಾರೆ. ಸುಮ್ನೆ ತರಬೇಕು, ಅಷ್ಟೇ! ವಿವರಣೆ ಕೊಡಲೇಬಾರದು. 2006ರಲ್ಲಿ ಕ್ರೇಗ್ ಬಂದಾಗ ಬಾಂಡ್ ಆಗ ತಾನೇ 00 ದರ್ಜೆ (ಕೊಲ್ಲುವ ಪರವಾನಗಿ) ಪಡೆದ ಹೊಸಬ, ಆದರೆ ಎಂ ಮಾತ್ರ ಹಿಂದಿನ ಬಾಂಡ್ ಪಿಯರ್ಸ್ ಬ್ರಾಸ್ನನ್ ಕಾಲದ ಜೂಡಿ ಡೆಂಚ್ ಅವರೇ. ಲೆಕ್ಕ ಹಾಕಿದರೆ ಕೂಡುವುದಿಲ್ಲ, ಆದರೂ ನಾವೆಲ್ಲಾ ಖುಷಿಯಿಂದ ಒಪ್ಪಿಕೊಂಡೆವು.

ನನಗೆ ಬೇಕಾಗಿರುವುದು ಬಾಂಡ್‌ನ ಒಳಗಿನ ನೋವು. 1969ರ ಸಿನಿಮಾದಲ್ಲಿ ಮದುವೆಯಾದ ದಿನವೇ ಹೆಂಡತಿ ಟ್ರೇಸಿ ಗುಂಡೇಟಿಗೆ ಸಾಯುತ್ತಾಳೆ, ಅಲ್ಲಿ ಬಾಂಡ್ ಆಗಿದ್ದವರು ಜಾರ್ಜ್ ಲೇಝನ್‌ಬಿ. 1981ರಲ್ಲಿ ರೋಜರ್ ಮೂರ್ ಅದೇ ಟ್ರೇಸಿಯ ಸಮಾಧಿಗೆ ಹೂ ತಂದಿಡುತ್ತಾರೆ. ನಟ ಬೇರೆ, ದುಃಖ ಒಂದೇ. ಮಾತಿಲ್ಲದ ಆ ಒಂದು ನಿಮಿಷ ನೋಡಿದಾಗಲೆಲ್ಲಾ ನನ್ನ ಗಂಟಲು ಕಟ್ಟುತ್ತದೆ. ಹೊಸಬರಿಗೆ ಅಂಥ ಒಂದು ನಿಮಿಷ ಬರೆದುಕೊಡಲಿ, ಕ್ರೇಗ್ ಕಾಲದ ಹಾಗೆ ಐದು ಸಿನಿಮಾ ತುಂಬಾ ಅಳುವುದು ಬೇಡ. ನಗು ಕೂಡ ಬೇಕಲ್ವಾ? ಮೂರ್ ಅವರ ಹುಬ್ಬು ಏರಿಸುವ ನಗು.

ಉದಯಪುರದಿಂದ:

ನಾನು ಕೆಲಸದ ಮೇಲೆ ಮೂರು ವರ್ಷದಿಂದ ಉದಯಪುರದಲ್ಲಿದ್ದೇನೆ, ಊರು ಹಾಸನ. ಇಲ್ಲೇ ತೆಗೆದ 1983ರ ಬಾಂಡ್ ಸಿನಿಮಾ 'ಆಕ್ಟೋಪಸಿ' ಇನ್ನೂ ಜೀವಂತ. ಸರೋವರದ ಅರಮನೆ ಕಂಡಾಗಲೆಲ್ಲಾ ನನಗೆ ಆ ಸಿನಿಮಾನೇ ನೆನಪು. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಆಟೋ ಓಡಿಸಿ, ಟೆನಿಸ್ ಬ್ಯಾಟಿನಿಂದ ಖಳರಿಗೆ ಬಾರಿಸುವುದು ನೋಡಿ ಚಪ್ಪಾಳೆ ಹೊಡೆದವನು ನಾನು. ಆದರೆ ಅದರಲ್ಲಿ ಹಾವಾಡಿಗ, ಬೆಂಕಿಯ ಮೇಲೆ ನಡೆಯುವವನು, ಮೊಳೆಯ ಹಾಸಿಗೆ ಎಲ್ಲಾ ಇದೆ, ದೊಡ್ಡವನಾದ ಮೇಲೆ ನೋಡಿದಾಗ ಮನಸ್ಸಿಗೆ ಚುಚ್ಚಿತು. 'ಸ್ಕೈಫಾಲ್'ನ ರೈಲಿನ ದೃಶ್ಯವನ್ನು ನಮ್ಮ ದೇಶದಲ್ಲಿ ತೆಗೆಯುವ ಯೋಚನೆ ಇತ್ತು, ಕೊನೆಗೆ ಅದು ಟರ್ಕಿಗೆ ಹೋಯಿತು. ಬಾಂಡ್ ಇನ್ನೊಮ್ಮೆ ಬರಲಿ. ಈಗಿನ ಭಾರತಕ್ಕೆ ಬರಲಿ, ಇಲ್ಲಿನ ಗೂಢಚಾರರನ್ನು ಸರಿಸಮವಾಗಿ ಎದುರು ಕೂರಿಸಿಕೊಂಡು ಮಾತಾಡಲಿ.

ಇನ್ನೊಂದು, ಬಂದ ಸಿನಿಮಾವನ್ನು ಪೂರ್ತಿಯಾಗಿ ತೋರಿಸಲಿ. 'ಸ್ಪೆಕ್ಟರ್' ಬಂದಾಗ ನಮ್ಮ ಸೆನ್ಸಾರ್ ಮಂಡಳಿ ಮುತ್ತಿನ ದೃಶ್ಯಗಳನ್ನು ಅರ್ಧಕ್ಕೆ ಕತ್ತರಿಸಿತ್ತು. ದುಡ್ಡು ಕೊಟ್ಟು ಬಂದ ದೊಡ್ಡವರಿಗೆ ಹೀಗೆ ಮಾಡಬಾರದು.

ಹಳೇರೀಲು:

ಎಲ್ಲರಿಗೂ ಥ್ಯಾಂಕ್ಸ್. ಮಳೆಹನಿ ಅವರೇ, ಸಮಾಧಿಯ ದೃಶ್ಯ ನೆನಪಿಸಿದಿರಿ, ನಿನ್ನೆ ರಾತ್ರಿ ಮತ್ತೆ ಹಾಕಿ ನೋಡಿದೆ.

ವಿಲ್‌ನೆವ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಏಳುಪಲ್ಟಿ:

ಹೇಳುತ್ತೇನೆ. ಅವರ ಸಿನಿಮಾ ನಿಧಾನ, ತುಂಬಾ ಗಂಭೀರ ಅಂತ ಕೆಲವರಿಗೆ ಅನುಮಾನ. ನನಗಿಲ್ಲ. 'ಸಿಕಾರಿಯೋ'ದಲ್ಲಿ ಮೆಕ್ಸಿಕೋ ಗಡಿಯಲ್ಲಿ ಟ್ರಾಫಿಕ್ ನಿಂತುಹೋಗಿರುವ ದೃಶ್ಯ ನೋಡಿ. ಕಾರುಗಳು ಅಲ್ಲಾಡುವುದೇ ಇಲ್ಲ, ಪಕ್ಕದ ಕಾರಿನಲ್ಲಿ ಬಂದೂಕು ಇದೆ ಅಂತ ಗೊತ್ತು, ನಾವು ಉಸಿರು ಬಿಗಿಹಿಡಿದು ಕೂತಿರುತ್ತೇವೆ. 'ಕ್ಯಾಸಿನೋ ರೊಯಾಲ್'ನ ಇಸ್ಪೀಟ್ ಮೇಜಿನ ಮುಂದೆಯೂ ಇದೇ ಆಗಿತ್ತಲ್ವಾ, ಯಾರೂ ಓಡಲಿಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತಿತ್ತು. ಈ ಕೆಲಸ ಬಲ್ಲವರು ಸಿಕ್ಕಿದ್ದು ನಮ್ಮ ಪುಣ್ಯ. ಜೊತೆಗೆ ನಗು ಬರಬೇಕು, ಅಲ್ಲಿ ಮಳೆಹನಿ ಹೇಳಿದ್ದು ಸರಿ.

ಹಳೇರೀಲು:

ವಿಲ್‌ನೆವ್ ಕೂಡ ಅಪ್ಪನ ಜೊತೆ ಬಾಂಡ್ ನೋಡುತ್ತಾ ಬೆಳೆದವರಂತೆ, ಕಾನರಿಯ 'ಡಾಕ್ಟರ್ ನೋ' ಇಂದ ಶುರು ಮಾಡಿ. ನಿರ್ದೇಶಕರಾಗಿ ಆಯ್ಕೆಯಾದಾಗ ಅವರೇ ಹೇಳಿಕೊಂಡಿದ್ದು. ಅದನ್ನು ಓದಿ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೀಗ 74. ಸಿನಿಮಾ ಬಂದ ದಿನ ಮೊದಲ ಆಟಕ್ಕೇ ಕರೆದುಕೊಂಡು ಹೋಗು, ಮಧ್ಯದ ಸಾಲಿನಲ್ಲಿ ಸೀಟು ನೋಡು ಅಂದರು.