ಟೇಪ್ ಹಿಡಿದು ಫ್ಯಾಟಿ ಲಿವರ್ ಪತ್ತೆ ಮಾಡಬಹುದಾ?

ಪ್ರಶ್ನೆ: ಡಾಕ್ಟರ್, ನಾನು ಕಾರ್ಖಾನೆಯೊಂದರಲ್ಲಿ ನರ್ಸ್. ಸುಮಾರು 400 ಕೆಲಸಗಾರರಿದ್ದಾರೆ. ಈ ವರ್ಷದ ತಪಾಸಣೆಯಲ್ಲಿ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬುವುದು) ಕೂಡ ನೋಡಬೇಕಂತೆ. ಎಲ್ಲರಿಗೂ ಸ್ಕ್ಯಾನಿಂಗ್ ಆಗದ ಮಾತು. ಸೊಂಟ ಅಳೆದರೆ ಸಾಕಾ? ಪ್ಯಾಂಟಿನ ಸೈಜ್ ಕೇಳಿ ಬರೆದುಕೊಂಡರೆ ಆಯ್ತು ಅಂತಲೂ ಕೆಲವರು ಹೇಳುತ್ತಿದ್ದಾರೆ.

ಡಾಕ್ಟರ್: ಪ್ಯಾಂಟಿನ ಸೈಜ್ ನಂಬಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಹಾಕುತ್ತಾರೆ. ಹತ್ತು ವರ್ಷದಿಂದ 34 ಅಂತಲೇ ಹೇಳುತ್ತಿರುತ್ತಾರೆ, ಹೊಟ್ಟೆ 40 ದಾಟಿರುತ್ತದೆ. ನಾನೂ ಅದೇ ಗುಂಪಿನವನು.

ಟೇಪ್ ಒಳ್ಳೆಯ ಸಾಧನವೇ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರಿದ ಕೊಬ್ಬಿನ ರಕ್ತ ನೇರವಾಗಿ ಲಿವರ್‌ಗೇ ಹೋಗುತ್ತದೆ. ತೊಡೆಯ ಕೊಬ್ಬಿನಿಂದ ಅಷ್ಟು ತೊಂದರೆ ಇಲ್ಲ. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಟೇಪಿಗೆ ಸ್ವಲ್ಪ ಗೊತ್ತಾಗುತ್ತದೆ. ಆದರೆ ಟೇಪ್ ಕಾಯಿಲೆ ಇದೆ ಅಂತ ಹೇಳುವುದಿಲ್ಲ. ಮುಂದಿನ ಪರೀಕ್ಷೆ ಯಾರಿಗೆ ಮೊದಲು ಅಂತ ಮಾತ್ರ ಹೇಳುತ್ತದೆ.

ಅಳೆಯುವಾಗ ಅವಸರ ಬೇಡ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ. ಅವುಗಳ ನಡುಮಧ್ಯದಲ್ಲಿ ಟೇಪ್ ಸುತ್ತಿ. ಹೊಕ್ಕುಳನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಹೊಟ್ಟೆ ಜೋತುಬಿದ್ದವರಲ್ಲಿ ಅದು ಕೆಳಗಿಳಿದಿರುತ್ತದೆ. ದಪ್ಪ ಬಟ್ಟೆ ತೆಗೆಸಿ, ಪಾದ ಜೋಡಿಸಿ ನಿಲ್ಲಿಸಿ. ಟೇಪ್ ಎಂದ ಕೂಡಲೇ ಎಲ್ಲರೂ ಹೊಟ್ಟೆ ಒಳಗೆಳೆಯುತ್ತಾರೆ, ಅಲ್ವಾ? ಸುಮ್ನೆ ಏನಾದರೂ ಮಾತಾಡಿಸಿ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಓದಿಕೊಳ್ಳಿ. ಎರಡು ಸಲ ಅಳೆಯಿರಿ.

ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ. ಯುರೋಪ್ ಮೂಲದ ಗಂಡಸರಿಗೆ ಇದು 94. ಬೇರೆ ಬೇರೆ ಮೂಲದವರು ಒಟ್ಟಿಗೆ ಕೆಲಸ ಮಾಡುವ ಕಡೆ ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆಯಾ ಅಂತ ನೋಡುವುದು ಸುಲಭ.

ಪ್ರಶ್ನೆ: ಜಾಸ್ತಿ ಬಂದವರಿಗೆ ಎಎಲ್‌ಟಿ (ಲಿವರ್ ಕಿಣ್ವದ ರಕ್ತಪರೀಕ್ಷೆ) ಮಾಡಿಸಿ, ನಾರ್ಮಲ್ ಇದ್ದರೆ ಬಿಟ್ಟುಬಿಡಬಹುದಾ?

ಡಾಕ್ಟರ್: ಬೇಡ. ಫ್ಯಾಟಿ ಲಿವರ್ ಇದ್ದೂ ಎಎಲ್‌ಟಿ ನಾರ್ಮಲ್ ಇರುವವರು ಬೇಕಾದಷ್ಟು ಜನ. ಎಎಸ್‌ಟಿ (ಇನ್ನೊಂದು ಕಿಣ್ವ), ಎಎಲ್‌ಟಿ, ಪ್ಲೇಟ್‌ಲೆಟ್ ಮೂರನ್ನೂ ಮಾಡಿಸಿ, ವಯಸ್ಸು ಸೇರಿಸಿ ಫಿಬ್-4 ಎಂಬ ಅಂಕ ಲೆಕ್ಕ ಹಾಕಿ. ಜೊತೆಗೆ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಇರಲಿ. ಫಿಬ್-4 ನೋಡುವುದು ಕೊಬ್ಬನ್ನಲ್ಲ, ಲಿವರ್ ಗಟ್ಟಿಯಾಗುತ್ತಿದೆಯಾ ಅನ್ನುವುದನ್ನು. ನಿಜವಾಗಿ ಭಯಪಡಬೇಕಾದ್ದೂ ಅದಕ್ಕೇ. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ನಿರಾಳ. 65 ದಾಟಿದವರಿಗೆ ಆ ಗಡಿ 2. ಅದಕ್ಕಿಂತ ಮೇಲಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕಳಿಸಿ. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ಅಷ್ಟು ನಂಬಿಕೆಯದಲ್ಲ.

ಗುಂಪಿನ ಇನ್ನೊಬ್ಬ ಸದಸ್ಯ: ಸರ್, ನನ್ನ ಸೊಂಟ 82 ಸೆಂ.ಮೀ. ಆದರೂ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 (ಆರಂಭದ ಹಂತದ) ಫ್ಯಾಟಿ ಲಿವರ್ ಬಂತು!

ಡಾಕ್ಟರ್: ಬರುತ್ತದೆ. ತೆಳ್ಳಗಿರುವವರಿಗೂ ಫ್ಯಾಟಿ ಲಿವರ್ ಆಗುತ್ತದೆ. ಸಕ್ಕರೆ ಕಾಯಿಲೆ ಇದೆಯಾ, ಮದ್ಯ ಎಷ್ಟು, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ನೋಡಬೇಕು. ನರ್ಸ್ ಅವರೇ, ಸಕ್ಕರೆ ಕಾಯಿಲೆ ಇರುವವರನ್ನು ಸೊಂಟ ಎಷ್ಟೇ ಇರಲಿ, ರಕ್ತಪರೀಕ್ಷೆಯ ಪಟ್ಟಿಗೆ ಸೇರಿಸಿ.

ಪ್ರಶ್ನೆ: ಕೊನೆಯದಾಗಿ, ಹಿಂದೆ ನಾನಿದ್ದ ಕಡೆ ಎಲ್ಲರ ಅಳತೆಯನ್ನೂ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಮುಂದಿನ ವರ್ಷ ಅರ್ಧ ಜನ ಬರಲೇ ಇಲ್ಲ.

ಡಾಕ್ಟರ್: ಬರದಿದ್ದುದೇ ಸರಿ. ಪರದೆಯ ಹಿಂದೆ ಅಳೆಯಿರಿ, ಜೋರಾಗಿ ಓದಬೇಡಿ. ಅಂಕಿ ಆ ವ್ಯಕ್ತಿಗೆ ಮತ್ತು ನಿಮ್ಮ ದಫ್ತರಕ್ಕೆ ಮಾತ್ರ. ಮ್ಯಾನೇಜರ್ ಕೇಳಿದರೆ ಒಟ್ಟು ಎಷ್ಟು ಜನರಿಗೆ ಜಾಸ್ತಿ ಅಂತ ಹೇಳಿ, ಹೆಸರು ಕೊಡಬೇಡಿ.