ಸಹಾಯ ಬೇಕು: ಒಂದು ಸುಳ್ಳು ಸಹಿ ಹಾಕಿದ್ದೇನೆ, ಮುಂದೇನು?

ಸಹೋದರ ಸಹೋದರಿಯರಿಗೆ ಕರ್ತನಲ್ಲಿ ವಂದನೆಗಳು.

ಕಳೆದ ವಾರ ಕೆಲಸದಲ್ಲಿ, ಬಾರದ ಸರಕು ಬಂದಿದೆ ಅಂತ ಸಹಿ ಹಾಕಿದೆ. ಮೇಲಿನವರು ಹೇಳಿದರು, ಹಾಕಿದೆ, ಅಷ್ಟೇ. ಪೆನ್ನಿನ ಕ್ಯಾಪ್ ಹಾಕುವಾಗ ಕೈ ನಡುಗಿತು. ನಾನು ಒಂದು ಪೈಸೆಯನ್ನೂ ಮುಟ್ಟಿಲ್ಲ. ಆದರೆ ಬೈಬಲ್‌ನ ಮತ್ತಾಯ 5:37ರಲ್ಲಿ ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತಿರಲಿ ಎಂದಿದೆ ಅಲ್ವಾ? ನನ್ನ ಸಹಿ ಹೇಳಿದ 'ಹೌದು' ಸುಳ್ಳು.

ಭಾನುವಾರ ಸಭೆಯಲ್ಲಿ ಓದಿದ್ದು ಲೂಕ 19, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ. ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಎದ್ದು ನಿಂತು ಹೇಳಿದ ಅವನು. ನನಗೋ ಮನೆಯಲ್ಲಿ ಹೇಳಲಿಕ್ಕೂ ಧೈರ್ಯ ಇಲ್ಲ.

ಇನ್ನೊಂದು, ಚಿಕ್ಕದು. ಕೆಲಸ ಜಾಸ್ತಿ, ರಾತ್ರಿ ಬೈಬಲ್ ತೆರೆದರೆ ನಿದ್ದೆ. ಮಾರ್ಕ 1:35ರಲ್ಲಿ ಯೇಸು ನಸುಕಿಗೆ ಎದ್ದು ಪ್ರಾರ್ಥನೆಗೆ ಹೋದ ಹಾಗೆ ನಾನೂ ಎದ್ದೆ. ಮೂರೇ ದಿನ ನಡೆಯಿತು!

ದಯವಿಟ್ಟು 'ಪ್ರಾರ್ಥನೆ ಮಾಡಿ' ಅಂತ ಸುಮ್ನೆ ಬರೆಯಬೇಡಿ, ಅದನ್ನು ಮಾಡುತ್ತಲೇ ಇದ್ದೇನೆ. ಇಂಥದ್ದರಲ್ಲಿ ಸಿಕ್ಕಿಕೊಂಡವರು ಹೇಳಿ. ಮೇಲಿನವರ ಹತ್ತಿರ ಮೊದಲ ಮಾತು ಹೇಗೆ ಶುರು ಮಾಡಿದಿರಿ? ಬರೆದು ಕೊಟ್ಟಿರಾ, ಬಾಯಲ್ಲೇ ಹೇಳಿದಿರಾ? ಸಂಸಾರ ನಡೆಸುವವರ ಅನುಭವ ಮೊದಲು ಬೇಕು.